ರುಚಿ ನೋಡಲಾಗಿದೆ

ಹಲ್ಲಿಯನ್ನು ಯಾರೂ ನೋಡಿರಲಿಲ್ಲ. ಈ ಒಂದು ಮಾತನ್ನು ಬಸಲಿಂಗಯ್ಯ ಮೂರು ದಿನದಿಂದ ಬಾಯೊಳಗೆ ಇಟ್ಟುಕೊಂಡು ತಿರುಗುತ್ತಿದ್ದ, ನುಂಗಲಿಕ್ಕೂ ಆಗದೆ ಉಗುಳಲಿಕ್ಕೂ ಆಗದೆ. ಶುಕ್ರವಾರ ಬೆಳಿಗ್ಗೆ ಇಬ್ರಾಹಿಂಪುರದ ಮನೆಯಲ್ಲಿ ಗಡ್ಡಕ್ಕೆ ಸಾಬೂನು ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತಾಗಲೂ ಅದೇ. ಮಂಗಳವಾರ ಮಧ್ಯಾಹ್ನ ಬಿಸಿಯೂಟ ಉಂಡ ಮೇಲೆ ಅವನ ಶಾಲೆಯ ಹದಿನಾಲ್ಕು ಹುಡುಗರಿಗೆ ಹೊಟ್ಟೆನೋವು ಬಂದಿತ್ತು, ನಾಲ್ವರಿಗೆ ವಾಂತಿ. ಸಂಜೆಯೊಳಗೆ ಎಲ್ಲರೂ ಆಸ್ಪತ್ರೆಯಿಂದ ಮನೆಗೆ ಹೋಗಿ ರೊಟ್ಟಿ ಕೇಳಿದ್ದರು. ಅಲ್ಲಿಗೆ ಮುಗಿಯಬೇಕಾದದ್ದು. ಆದರೆ ಸಾಂಬಾರಿನಲ್ಲಿ ಹಲ್ಲಿ ಬಿದ್ದಿತ್ತಂತೆ ಎಂದು ಯಾರೋ ಅಂದರು. ಆಸ್ಪತ್ರೆಯ ಕಟ್ಟೆಗೆ ಬರುವಷ್ಟರಲ್ಲಿ ಆ ಹಲ್ಲಿಗೆ ಬಾಲ ಬಂತು, ಚಹಾದಂಗಡಿಗೆ ಬರುವಷ್ಟರಲ್ಲಿ ಗೇಣುದ್ದವಾಯಿತು, ಬುಧವಾರ ಶಾಲಾ ಸಮಿತಿಯ ಅಧ್ಯಕ್ಷ ಅಮೋಘಸಿದ್ದ ಬರೆಸಿದ ದೂರಿನ ಅರ್ಜಿಯಲ್ಲಿ 'ಹಲ್ಲಿ ಬಿದ್ದಿರುವುದು ಖಚಿತವಾಗಿ ತಿಳಿದುಬಂದಿರುತ್ತದೆ' ಎಂದು ಕಾಲು ಚಾಚಿ ಕುಳಿತಿತು. ಯಾರಿಗೆ ತಿಳಿದುಬಂತು, ಎಲ್ಲಿಂದ ಬಂತು, ಎಷ್ಟು ಗಂಟೆಯ ಬಸ್ಸಿಗೆ ಬಂತು ಎಂದು ಕೇಳುವವರಿರಲಿಲ್ಲ. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು ಅನ್ನುತ್ತಾರೆ. ಇಲ್ಲಿ ಊರು ಕೇಳುತ್ತಿದ್ದದ್ದು ಗಡಿಗೆಯ ಬಾಯಿ ಯಾಕೆ ಮುಚ್ಚಿರಲಿಲ್ಲ ಎಂದೇ. ಇವತ್ತು ತಾಲೂಕಿನಿಂದ ಬಿಸಿಯೂಟದ ಸಾಹೇಬರು ವಿಚಾರಣೆಗೆ ಬರುವವರಿದ್ದರು. ಅಡಿಗೆಯ ಆಶಾಬಿಯನ್ನು ಇಟ್ಟುಕೊಳ್ಳುವುದೋ ತೆಗೆಯುವುದೋ ಇವತ್ತೇ ಗೊತ್ತಾಗಬೇಕು.

"ನೀವ್ಯಾಕ ಇಷ್ಟ ಹೆದರಾಕತ್ತೀರಿ?" ಎಂದಳು ಅವನ ಹೆಂಡತಿ ಶೈಲಾ, ಬುತ್ತಿಗೆ ರೊಟ್ಟಿ ಮಡಚುತ್ತ. "ಹುಡುಗರಿಗೆ ಬಡಸೂಕಿಂತ ಮೊದಲ ನೀವು ಉಂಡ ನೋಡೀರಿ. ನಿಮಗೇನರ ಆತೇನು? ಗುಂಡಕಲ್ಲಿನಂಗ ಅದೀರಿ. ಅಷ್ಟ ಹೇಳಿ ಬರ್ರಿ. ಪಾಪ, ಆ ಹೆಣ್ಮಗಳು ಉಳಕೋತಾಳ." ಅಷ್ಟರಲ್ಲಿ ಟ್ಯೂಬ್‌ಲೈಟಿನ ಹಿಂದೆ ಅಡಗಿದ್ದ ಹಲ್ಲಿ ಲೊಚಲೊಚ ಎಂದಿತು. ಶೈಲಾ ಕಟ್ಟೆಯ ಮೇಲೆ ಬೆರಳಿನಿಂದ ಮೂರು ಸಲ ಬಡಿದು, "ನೋಡ್ರಿ, ಹಲ್ಲೀನ ನುಡೀತು. ಖರೇ ಐತಿ" ಎಂದಳು. ಬಸಲಿಂಗಯ್ಯ ಅರ್ಧ ಬೋಳಿಸಿದ ಗಡ್ಡದಲ್ಲಿ ಹಲ್ಲಿಯನ್ನೇ ನೋಡಿದ. ಇಷ್ಟು ವಿಶ್ವಾಸದಿಂದ ಸುಳ್ಳು ನುಡಿಯುವ ಪ್ರಾಣಿಯನ್ನು ಅವನು ಕಂಡಿರಲಿಲ್ಲ, ಕನ್ನಡಿಯಲ್ಲಿ ಕಾಣುತ್ತಿದ್ದದ್ದೊಂದನ್ನು ಬಿಟ್ಟರೆ.

ಯಾಕೆಂದರೆ ಮಂಗಳವಾರ ಅವನು ಉಂಡಿರಲಿಲ್ಲ. ಸೋಮವಾರವೂ ಉಂಡಿರಲಿಲ್ಲ. ಹನ್ನೊಂದು ವರ್ಷದಿಂದ ಒಂದು ಅಗುಳೂ ಮುಟ್ಟಿರಲಿಲ್ಲ. ಹುಡುಗರಿಗೆ ಬಡಿಸುವ ಮೊದಲು ಒಬ್ಬ ಶಿಕ್ಷಕರು ಉಂಡು ನೋಡಿ ದಾಖಲೆ ಪುಸ್ತಕದಲ್ಲಿ ಬರೆದು ಸಹಿ ಮಾಡಬೇಕು ಎಂಬುದು ನಿಯಮ, ಆ ಒಬ್ಬ ಶಿಕ್ಷಕ ಇವನು. ಹನ್ನೆರಡೂವರೆಗೆ ಅಡಿಗೆ ಕೋಣೆಯ ಕಿಟಕಿಯಲ್ಲಿ ಅವನ ಪಾಲಿನ ಸ್ಟೀಲ್ ಬಟ್ಟಲು ತಾಟು ಮುಚ್ಚಿಕೊಂಡು ಕುಳಿತಿರುತ್ತಿತ್ತು. ಇವನು ಹೋಗಿ ತಾಟು ಎತ್ತಿ, ಮುಖಕ್ಕೆ ಹಬೆ ತಾಗಿಸಿಕೊಂಡು, "ಎಲ್ಲಾ ಬರೋಬ್ಬರಿ ಆಗೇತಿಲ್ಲ, ಆಶಾಬಿ?" ಎನ್ನುತ್ತಿದ್ದ. ಒಳಗಿನಿಂದ "ಆಗೇತ್ರಿ" ಎಂದು ಬಂದರೆ ತಾಟು ಮತ್ತೆ ಮುಚ್ಚಿ, ಪುಸ್ತಕ ತೆರೆದು, 'ರುಚಿ ನೋಡಲಾಗಿದೆ. ಉತ್ತಮವಾಗಿದೆ' ಎಂದು ದುಂಡಗೆ ಬರೆದು ಸಹಿ ಮಾಡುತ್ತಿದ್ದ. ವರ್ಷಕ್ಕೆ ಇನ್ನೂರಿಪ್ಪತ್ತು ದಿನ ಶಾಲೆ ಹಿಡಿದರೂ ಎರಡು ಸಾವಿರದ ನಾನೂರಿಪ್ಪತ್ತು ಸಹಿ. ಗಣಿತದ ಮಾಸ್ತರ, ಲೆಕ್ಕ ತಾನಾಗಿ ಬಂದುಬಿಡುತ್ತದೆ, ಬೇಡವೆಂದರೂ. ಬಟ್ಟಲು ಆಮೇಲೆ ಏನಾಗುತ್ತದೆ ಎಂದು ಅವನು ಕೇಳಿದವನಲ್ಲ. ಮರುದಿನ ಅದು ತೊಳೆದು ಬೆಳ್ಳಗೆ ಕಿಟಕಿಯಲ್ಲಿರುತ್ತಿತ್ತು.

ಬಬಲೇಶ್ವರದ ಕಡೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಅವನ ಶಾಲೆಯ ಊರು ಬಬಲೇಶ್ವರ ದಾಟಿ ಇನ್ನಷ್ಟು ಆಚೆ. ಒಂದು ತಾಸಿನ ದಾರಿ, ಮನಸ್ಸು ಕೆಡಿಸಿಕೊಳ್ಳಲಿಕ್ಕೆ ಧಾರಾಳ ಸಾಕು. ಯಾಕೆ ಉಣ್ಣಲಿಲ್ಲ ಎಂದು ಸಾಹೇಬರು ಕೇಳಿದರೆ? ತನ್ನನ್ನು ತಾನೇ ಬೋರ್ಡಿನ ಮುಂದೆ ನಿಲ್ಲಿಸಿಕೊಂಡು, ಒಂಬತ್ತನೆಯ ಇಯತ್ತೆಯ ಹುಡುಗರಿಗೆ ಕಲಿಸುವ ಹಾಗೆ, ಆಗದಿರುವ ಕಾರಣಗಳನ್ನು ಒಂದೊಂದಾಗಿ ಹೊಡೆದುಹಾಕುತ್ತ ಹೋದ. ಸೋಮವಾರದ ಉಪವಾಸವೇ? ಅದು ವಾರಕ್ಕೊಂದೇ ದಿನ. ಸಕ್ಕರೆ ಕಾಯಿಲೆಯೇ? ಇಲ್ಲ. ಹುಡುಗರಿಗೆ ತತ್ತಿ ಬೇಯಿಸುತ್ತಾರಲ್ಲ, ಜಂಗಮರ ಮನೆಯವನು, ಆ ಪಾತ್ರೆಯ ಮುಸುರೆ ನಡೆಯುವುದಿಲ್ಲವೇ? ಇದು ಚೆನ್ನಾಗಿತ್ತು, ಬಸ್ಸು ಎರಡು ಸ್ಟಾಪು ದಾಟುವವರೆಗೂ ಅವನಿಗೆ ಸಮಾಧಾನ ಕೊಟ್ಟಿತು. ಆದರೆ ತತ್ತಿ ಬಂದದ್ದು ಈಚೆಗೆ, ತಾಟು ಮುಚ್ಚಿದ್ದು ಅದಕ್ಕಿಂತ ಎಷ್ಟೋ ಮೊದಲು. ಹಾಗಾದರೆ ಆ ಇನ್ನೊಂದೇ ಇರಬೇಕು ಎಂದು ಸಾಹೇಬರು ತಿಳಿದುಕೊಂಡರೆ? ಛೇ, ಅದಲ್ಲವೇ ಅಲ್ಲ. ಶಾಲೆಯ ಎದುರಿನ ರಸೂಲಸಾಬನ ಅಂಗಡಿಯಲ್ಲಿ ದಿನಕ್ಕೆರಡು ಸಲ ಚಹಾ ಕುಡಿಯುತ್ತಾನೆ ಅವನು, ಅದೂ ಎಲ್ಲರೆದುರು, ಹೊರಗಿನ ಬೆಂಚಿನ ಮೇಲೆ ಕುಳಿತು. ಯಾರನ್ನು ಬೇಕಾದರೂ ಕೇಳಲಿ. ಪ್ರತಿ ಬಸವ ಜಯಂತಿಗೆ ಕುಲ ಯಾವುದು, ಮೇಲು ಯಾವುದು, ಕೀಳು ಯಾವುದು ಎಂದು ಅರ್ಧ ತಾಸು ಭಾಷಣ ಮಾಡುವವನು ಈ ಶಾಲೆಯಲ್ಲಿ ಯಾರು? ಹುಡುಗರು ಚಪ್ಪಾಳೆ ಹೊಡೆಯುತ್ತಾರೆ, ಬಾಗಿಲಲ್ಲಿ ನಿಂತ ಆಶಾಬಿಯೂ ಹೊಡೆಯುತ್ತಾಳೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಅನ್ನುತ್ತಾರೆ. ಇವನು ಆ ಬದನೆಕಾಯಿಯನ್ನೂ ತಿಂದಿರಲಿಲ್ಲ.

ಆಶಾಬಿಗಿಂತ ಮೊದಲು ಗುರುಬಸವ್ವ ಅಡಿಗೆ ಮಾಡುತ್ತಿದ್ದಳು ಎಂಬ ಸಾಲನ್ನು ಅವನು ಬೋರ್ಡಿನ ಮೇಲೆ ಬರೆಯಲಿಲ್ಲ. ಅವನು ಈ ಶಾಲೆಗೆ ಬಂದ ಆ ಮೊದಲ ವರ್ಷ ಬಟ್ಟಲಿನಲ್ಲಲ್ಲ, ತಾಟು ತುಂಬ ಹಾಕಿಸಿಕೊಂಡು, ಮೇಲೊಂದು ಹಸಿಮೆಣಸಿನಕಾಯಿ ಕಡಿದುಕೊಂಡು ಉಣ್ಣುತ್ತಿದ್ದ. ಮೊಣಕಾಲು ನೋವು ಹಿಡಿದು ಗುರುಬಸವ್ವ ಕೆಲಸ ಬಿಟ್ಟಳು. ಅಷ್ಟು ದಿನ ಅವಳ ಕೈಕೆಳಗೆ ತರಕಾರಿ ಹೆಚ್ಚುತ್ತಿದ್ದ ಆಶಾಬಿ ಸೌಟು ಹಿಡಿದಳು. ಮೊದಲ ದಿನ ಬಟ್ಟಲು ಬಂದಾಗ ಬಸಲಿಂಗಯ್ಯನ ಕೈ ತಾಟಿನವರೆಗೆ ಹೋಯಿತು. ಅಷ್ಟೇ. ಅವನು ಯೋಚಿಸಿ ನಿಲ್ಲಿಸಿದ್ದಲ್ಲ, ಕೈ ನಿಂತಿತು. ಕಣ್ಣ ಮುಂದೆ, ಅವನು ಹುಟ್ಟಿ ಬೆಳೆದ ಹೊನವಾಡದ ಹಿತ್ತಲಿನಲ್ಲಿ ಅವ್ವ ಹಿತ್ತಾಳೆಯ ತಂಬಿಗೆ ಹಿಡಿದು ನಿಂತಿದ್ದಳು. ಅವನಿಗೆ ಆರೋ ಏಳೋ ವರ್ಷ. ಮೊಹರಮ್ಮಿಗೆ ಪಕ್ಕದ ಮನೆಯ ಮಾಸುಮಬಿ ಕೊಟ್ಟ ಚೊಂಗೆಯನ್ನು, ಆ ಬೆಲ್ಲದ ಸಿಹಿರೊಟ್ಟಿಯನ್ನು, ಅಲ್ಲೇ ಅವಳ ಹೊಸ್ತಿಲಲ್ಲಿ ಕುಳಿತು ತಿಂದು ಬೆರಳು ನೆಕ್ಕುತ್ತ ಬಂದಿದ್ದ. ಅವ್ವ ಬಯ್ಯಲಿಲ್ಲ, ಹೊಡೆಯಲಿಲ್ಲ. ಮಾಸುಮಬಿಯ ಮೇಲೆ ಅವಳಿಗೆ ಸಿಟ್ಟೂ ಇರಲಿಲ್ಲ, ಸಂಜೆ ಇಬ್ಬರೂ ಕಟ್ಟೆಯ ಮೇಲೆ ಕುಳಿತು ನಗುತ್ತಿದ್ದರು. ಆದರೆ ಹಿತ್ತಲಿಗೆ ಕರೆದೊಯ್ದು ಬಾಯಿ ಮುಕ್ಕಳಿಸಲಿಕ್ಕೆ ನೀರು ಹಾಕಿದಳು. ಒಮ್ಮೆ, ಇನ್ನೊಮ್ಮೆ, ಮತ್ತೊಮ್ಮೆ. ಯಾಕೆ ಎಂದು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಹೇಳಿದ್ದರೆ ವಾದಿಸಬಹುದಿತ್ತು. ಹೇಳದೆ ಹೋದದ್ದನ್ನು ಯಾವ ಬಾಯಿಯಿಂದ ವಾದಿಸುವುದು? ಬಸ್ಸು ಗಕ್ಕನೆ ನಿಂತು ಕಂಡಕ್ಟರ್ ಊರಿನ ಹೆಸರು ಕೂಗಿದಾಗ ಬಸಲಿಂಗಯ್ಯನ ಬಾಯಿ ನೀರಿಲ್ಲದೆ ಒಣಗಿತ್ತು.

ಅಡಿಗೆ ಕೋಣೆಯ ಮೆಟ್ಟಿಲ ಮೇಲೆ ಆಶಾಬಿ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಎರಡು ದಿನ ಮುಚ್ಚಿದ್ದ ಒಲೆಯನ್ನು ಇವತ್ತು ಹಚ್ಚಬೇಕೆಂದು, ಸಾಹೇಬರು ಇಲ್ಲೇ ಊಟ ಮಾಡುವವರೆಂದು ಮುಖ್ಯ ಗುರುಮಾತೆ ವಿಜಯಲಕ್ಷ್ಮೀ ಹೇಳಿಕಳಿಸಿದ್ದರಂತೆ. ಆಶಾಬಿ ಐವತ್ತು ದಾಟಿದ ಹೆಂಗಸು, ಮೂರು ದಿನದಲ್ಲಿ ಇನ್ನೂ ಹತ್ತು ದಾಟಿದವಳಂತೆ ಕಂಡಳು. ಸಂಬಳ ಹೇಳಿಕೊಳ್ಳುವಂಥದ್ದೇನಲ್ಲ, ಆದರೆ ಊರಿನಲ್ಲಿ ಅವಳನ್ನು ಕರೆಯುವುದೇ ಸಾಲಿ ಅಡಿಗಿಯಾಕಿ ಎಂದು. ಈಗ ಅವಳು ಓಣಿಯಲ್ಲಿ ಬಂದರೆ ಹುಡುಗರು ಲೊಚಲೊಚ ಎನ್ನುತ್ತಾರಂತೆ. ಅವಳು ಎದ್ದು ನಿಂತು, "ಬಂದ್ರ್ಯಾ ಸರ್? ಛಲೋ ಆತ್ರಿ. ಅಲ್ಲಿ ನಾನು ಒಬ್ಬಾಕಿನ ನಿಂದ್ರೂದು ಹ್ಯಾಂಗಂತ ಅಂಜಿಕಿ ಹತ್ತಿತ್ತು. ನೀವು ಇದ್ರ ನನಗ ಧೈರ್ಯರಿ" ಎಂದಳು. ಬಸಲಿಂಗಯ್ಯ "ಏನೂ ಆಗೂದಿಲ್ಲ ಬಿಡು" ಎಂದ. ಏನೂ ಆಗುವುದಿಲ್ಲ ಎನ್ನಲಿಕ್ಕೆ ಅವನ ಹತ್ತಿರ ಯಾವ ಆಧಾರವೂ ಇರಲಿಲ್ಲ. ಆಗುತ್ತದೆ ಎನ್ನಲಿಕ್ಕೆ ಇತ್ತು, ಅದನ್ನು ಕೊಟ್ಟವನು ಅವನೇ. ಮಂಗಳವಾರ ಪಡಸಾಲೆಯಲ್ಲಿ ಹುಡುಗರು ಹೊಟ್ಟೆ ಹಿಡಿದುಕೊಂಡು ಕುಳಿತಿದ್ದಾಗ ಅಮೋಘಸಿದ್ದ ಬಂದು, "ಸಾಂಬಾರದಾಗ ಹಲ್ಲಿ ಇತ್ತಂತಲ್ರಿ ಮಾಸ್ತರ? ನೀವ ಉಂಡ ನೋಡಾವ್ರು, ಇತ್ತೋ ಇಲ್ಲೋ?" ಎಂದು ಎಲ್ಲರೆದುರು ಕೇಳಿದ್ದ. ಇಲ್ಲ ಎಂದರೆ ಸಾಂಬಾರಿನ ಪಾತೇಲಿ ನೋಡಿದ್ದೀರೇನು ಎನ್ನುವನು. ನೋಡಿಲ್ಲ ಎಂದರೆ ಮುಂದಿನ ಪ್ರಶ್ನೆ ಬಟ್ಟಲಿನದು. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತಾಗಿ ಬಸಲಿಂಗಯ್ಯ, "ಏನೋಪಾ, ಇದ್ರೂ ಇದ್ದೀತು" ಎಂದಿದ್ದ. ಅಷ್ಟೇ ಅಂದದ್ದು. ಗೋಳಗುಮ್ಮಟದೊಳಗೆ ಕೆಮ್ಮಿದಂತಾಯಿತು. ಸಂಜೆಯ ಬಸ್ಸು ಹತ್ತುವಾಗ ಅವನ ಮಾತು ಅವನಿಗೇ ತಿರುಗಿ ಬಂತು. ಮಾಸ್ತರ ಸ್ವತಃ ನೋಡ್ಯಾರಂತ.

ಎರಡನೆಯ ಅವಧಿಗೆ ಒಂಬತ್ತನೆಯ ಇಯತ್ತೆ. ಪಾಠ, ಸ್ವಯಂಸಿದ್ಧಗಳು. ಸಾಧಿಸದೆಯೇ ಸತ್ಯವೆಂದು ಒಪ್ಪಿಕೊಂಡ ಹೇಳಿಕೆಗಳು. ಪ್ರಮೇಯಕ್ಕೆ ಸಾಧನೆ ಬೇಕು, ಊಹೆಗೆ ಆಧಾರ ಬೇಕು, ಸ್ವಯಂಸಿದ್ಧಕ್ಕೆ ಏನೂ ಬೇಡ ಎಂದು ವರ್ಷಕ್ಕೊಮ್ಮೆ ಹೇಳುವ ಮಾತನ್ನೇ ಹೇಳಿದ. ಒಂದೇ ವಸ್ತುವಿಗೆ ಸಮನಾದ ವಸ್ತುಗಳು ಪರಸ್ಪರ ಸಮನಾಗಿರುತ್ತವೆ ಎಂದು ಬೋರ್ಡಿನ ಮೇಲೆ ಬರೆದ. ಬರೆದ ಮೇಲೆ ಅದು ತನ್ನ ಬಸವ ಜಯಂತಿಯ ಭಾಷಣದ ಹಾಗೆಯೇ ಕಾಣಿಸಿ, ಸುಮ್ಮನೆ ಡಸ್ಟರಿನಿಂದ ಮೂಲೆಯ ಧೂಳು ಒರೆಸಿದ. ಹಿಂದಿನ ಬೆಂಚಿನ ಸಾನಿಯಾ ಎದ್ದು ನಿಂತಳು. ಪ್ರಶ್ನೆ ಕೇಳುವ ಹುಡುಗಿ, ಅದಕ್ಕೇ ಅವಳ ಮೇಲೆ ಅವನಿಗೆ ಅಭಿಮಾನ, ಅದಕ್ಕೇ ಸ್ವಲ್ಪ ಹೆದರಿಕೆ. "ಸರ್, ಸಾಧಿಸಿ ತೋರ್ಸಾಕ ಬರಲಾರದ್ದನ್ನ ಖರೇ ಅಂತ ಯಾಕ ತಿಳಕೋಬೇಕ್ರಿ? ಅದು ತಪ್ಪ ಇದ್ರ?" ಬಸಲಿಂಗಯ್ಯನಿಗೆ ಉತ್ತರ ಬಾಯಿಪಾಠವಿತ್ತು. "ಏನರ ಒಂದು ತಿಳಕೊಂಡರ ಮುಂದ ಹೋಗಾಕ ಬರತೈತವಾ. ಎಲ್ಲಾದಕ್ಕೂ ಯಾಕ ಯಾಕ ಅಂತ ಕುಂತ್ರ ಮೊದಲನೇ ಗೆರಿನೂ ಎಳಿಯಾಕ ಆಗೂದಿಲ್ಲ." ಹುಡುಗಿ ಕುಳಿತುಕೊಂಡಳು. ಒಪ್ಪಿ ಕುಳಿತಳೋ ಸಾಕಾಗಿ ಕುಳಿತಳೋ ಗೊತ್ತಾಗಲಿಲ್ಲ. ಹೊರಗೆ ಜೀಪು ಬಂದು ನಿಂತ ಸದ್ದಾಯಿತು.

ಮುಖ್ಯ ಗುರುಮಾತೆಯ ಕೋಣೆಯಲ್ಲಿ ಮೂರು ಕುರ್ಚಿ. ಒಂದರಲ್ಲಿ ವಿಜಯಲಕ್ಷ್ಮೀ ಟೀಚರ್, ಒಂದರಲ್ಲಿ ಸಾಹೇಬರು, ಮೂರನೆಯದರಲ್ಲಿ ಅಮೋಘಸಿದ್ದ ತೊಡೆ ಅಗಲಿಸಿ ಕುಳಿತಿದ್ದ. ಇಪ್ಪತ್ತೆಂಟು ವರ್ಷ ನೌಕರಿ ಮಾಡಿದ ಬಸಲಿಂಗಯ್ಯನಿಗೆ ಕೂಡ್ರಿ ಎಂದು ಯಾರೂ ಅನ್ನಲಿಲ್ಲ. ಸ್ವಲ್ಪ ಹೊತ್ತು ನಿಂತು ನೋಡಿ, ಮೂಲೆಯ ಸ್ಟೂಲಿನ ಮೇಲಿದ್ದ ಭೂಗೋಲವನ್ನು ಎತ್ತಿಕೊಂಡು ತಾನೇ ಕುಳಿತ. ಎತ್ತಿದ್ದನ್ನು ಇಡಲಿಕ್ಕೆ ಜಾಗವಿರಲಿಲ್ಲ, ಹಾಗಾಗಿ ವಿಚಾರಣೆ ಮುಗಿಯುವವರೆಗೂ ಭೂಮಂಡಲವನ್ನು ತೊಡೆಯ ಮೇಲೆ ಹೊತ್ತುಕೊಂಡೇ 'ಹೌದ್ರಿ', 'ಇಲ್ರಿ' ಅನ್ನಬೇಕಾಯಿತು. ಆಶಾಬಿ ಬಾಗಿಲ ಚೌಕಟ್ಟಿಗೆ ಒರಗಿ ಸೆರಗು ಹೊದ್ದುಕೊಂಡು ನಿಂತಿದ್ದಳು. ಸಾಹೇಬರು ಸಣಕಲು ಮನುಷ್ಯ, ಚಹಾ ಬೇಡವೆಂದು ರಸೂಲಸಾಬನ ಅಂಗಡಿಯಿಂದ ತಣ್ಣನೆಯ ಹಾಲು ತರಿಸಿ ಗುಟುಕರಿಸುತ್ತ ಪುಸ್ತಕ ತಿರುವಿದರು.

"ಮಾಸ್ತರ, ಇದು ನಿಮ್ಮ ಸಹೀನ ಹೌದಿಲ್ರಿ?"

"ಹೌದ್ರಿ."

"ಮಂಗಳವಾರ, ರುಚಿ ನೋಡಲಾಗಿದೆ, ಉತ್ತಮವಾಗಿದೆ. ಮತ್ತ ಈ ಅರ್ಜಿ ಒಳಗ ಬ್ಯಾರೆ ಬರದಾರ. ಹಲ್ಲಿ ಇದ್ದದ್ದನ್ನ ಗಣಿತ ಮಾಸ್ತರ ಸ್ವತಃ ಒಪ್ಪಿಕೊಂಡಾರ ಅಂತ. ಎರಡೂ ನೀವ. ಯಾವುದು ಖರೇರಿ?"

"ನಾ... ಇದ್ರೂ ಇದ್ದೀತು ಅಂದಿದ್ದೆರಿ."

"ಹಲ್ಲಿ ನೋಡಿದ್ರ್ಯಾ?"

"ಇಲ್ರಿ."

"ನೋಡಿಲ್ಲಂದ್ರ ಇದ್ದೀತು ಅಂತ ಯಾಕಂದ್ರಿ?"

ಬಸಲಿಂಗಯ್ಯನ ಬೆರಳಿನ ಕೆಳಗೆ ಭೂಗೋಲ ಸ್ವಲ್ಪ ತಿರುಗಿತು. ಈ ಪ್ರಶ್ನೆಯನ್ನು ಅವನು ಎಷ್ಟು ಹುಡುಗರಿಗೆ ಕೇಳಿಲ್ಲ? ಕಾರಣ ಬರೆಯದೆ ಉತ್ತರ ಬರೆದವನಿಗೆ ಸೊನ್ನೆ ಹಾಕಿ, ಬೆಂಚಿನ ಮೇಲೆ ನಿಲ್ಲಿಸಿ ಎಷ್ಟು ಸಲ ಕೇಳಿಲ್ಲ? ಸಾಹೇಬರು ದೊಡ್ಡ ಮನಸ್ಸಿನವರು, ಬೆಂಚಿನ ಮೇಲೆ ನಿಲ್ಲಿಸಲಿಲ್ಲ. "ಇರ್ಲಿ ಬಿಡ್ರಿ. ಬಾಯಿ ಮಾತು ಬಾಯಿ ಮಾತ. ಸಹಿ ಸಹೀನ. ಬಡಸೂಕಿಂತ ಮೊದಲ ನೀವು ನೋಡೀರಿ. ನಿಮಗೇನಾತು?"

"ಏನೂ ಆಗಿಲ್ರಿ" ಎಂದ ಬಸಲಿಂಗಯ್ಯ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಸಾಹೇಬರ ಪೆನ್ನು ಓಡತೊಡಗಿತು. ಮಾಸ್ತರ ಉಂಡರು, ಮಾಸ್ತರರಿಗೆ ಏನೂ ಆಗಲಿಲ್ಲ, ಆದ್ದರಿಂದ ಅಡಿಗೆ ಸರಿ ಇತ್ತು. ಎಷ್ಟು ಚೊಕ್ಕ. ಮೊದಲ ಸಾಲೊಂದನ್ನು ಬಿಟ್ಟರೆ ಎಲ್ಲ ಸಾಲೂ ಸರಿ. ಸುಮ್ಮನಿದ್ದರೆ ಆಶಾಬಿ ಉಳಿಯುತ್ತಾಳೆ. ಬಾಯಿ ಬಿಟ್ಟರೆ ಅವಳೂ ಹೋಗುತ್ತಾಳೆ, ತಾನೂ ಬೆತ್ತಲಾಗುತ್ತೇನೆ. ಸುಳ್ಳಿನಿಂದ ಒಳ್ಳೆಯದಾಗುತ್ತಿರುವಾಗ ಸತ್ಯ ಹೇಳುವುದು ಅಹಂಕಾರವಲ್ಲವೇ ಎಂಬ ಯೋಚನೆ ಬಂದು, ಅದು ಇಷ್ಟು ಬೇಗ ಇಷ್ಟು ಸಲೀಸಾಗಿ ಬಂದದ್ದಕ್ಕೆ ಅವನಿಗೆ ನಾಚಿಕೆಯಾಯಿತು. ಆದರೂ ಬಾಯಿ ಬಿಡಲಿಲ್ಲ.

ಬಿಟ್ಟವನು ಅಮೋಘಸಿದ್ದ. "ಅದ್ಹ್ಯಾಂಗ ಆಕ್ಕೈತ್ರಿ ಸಾಹೇಬ್ರ? ಹಲ್ಲಿ ಇದ್ದೀತು ಅನ್ನಾವ್ರು ಅದನ್ನ ಹುಡುಗರಿಗೆ ಬಡಸಾಕ ಯಾಕ ಬಿಟ್ರು? ಉಂಡೂ ಗೊತ್ತಾಗ್ಲಿಲ್ಲಂದ್ರ ಇವರ ನಾಲಿಗಿ ಎಲ್ಲಿಟ್ಟಿದ್ರು? ಆಕೀನ ಬಿಡಸ್ರಿ, ಇವರನ್ನೂ ಸಸ್ಪೆಂಡ್ ಮಾಡ್ರಿ. ಇಲ್ಲಂದ್ರ ನಾವು ಮ್ಯಾಲಿನವರ ಕಡೆ ಹೋಗಾವ್ರ."

ಸಾಹೇಬರ ಪೆನ್ನು ನಿಂತಿತು. ಆಗ ಬಾಗಿಲಿನಿಂದ ಆಶಾಬಿ ಒಂದು ಹೆಜ್ಜೆ ಒಳಗೆ ಬಂದಳು. ತನ್ನ ಮೇಲೆ ಮೂರು ದಿನ ಏನೆಲ್ಲ ಅಂದರೂ ಬಾಯಿ ತೆರೆಯದವಳ ದನಿ ಈಗ ಇಡೀ ಪಡಸಾಲೆಗೆ ಕೇಳುವಂತಿತ್ತು. "ಮಾಸ್ತರನ್ನ ಯಾಕ ಅಂತೀರಿ? ನನಗ ಏನ್ ಅಂತೀರಿ ಅನ್ರಿ. ಅವರು ಉಂಡ ಇಲ್ರಿ. ಅವರು ಉಣ್ಣೂದ ಇಲ್ಲ."

ಬಸಲಿಂಗಯ್ಯನ ಕೈಯಿಂದ ಭೂಗೋಲ ಜಾರಿ ಮೊಣಕಾಲಿಗೆ ಬಂತು, ಹಿಡಿದುಕೊಂಡ. ಸಾಹೇಬರು ಕನ್ನಡಕ ತೆಗೆದರು. "ಉಣ್ಣೂದಿಲ್ಲಂದ್ರ?"

"ಅವರ ಹೊಟ್ಟ್ಯಾಗ ಅಲ್ಸರ್ ಐತ್ರಿ. ಖಾರ ನಡಿಯೂದಿಲ್ಲ. ಪಾಪ, ಹೇಳ್ಕೊಳ್ಳೂದಿಲ್ಲ ಅವರು. ಅವರ ಬಟ್ಟಲಾ ದಿನಾ ನಾನ ಉಣ್ತೇನ್ರಿ, ಹನ್ನೊಂದ ವರ್ಷಾತು. ಅದನ್ನ ಉಂಡ ಮ್ಯಾಲ ಹುಡುಗರಿಗೆ ಬಡಸೂದು. ಮಂಗಳವಾರನೂ ಉಂಡೇನಿ. ಹಲ್ಲಿ ಇದ್ದಿದ್ರ ಮೊದಲ ನಾ ಬೀಳತಿದ್ನಿಲ್ರಿ?"

ಫ್ಯಾನು ಕಿರ್ರೆಂದು ತಿರುಗುತ್ತಿತ್ತು. ಹದಿನಾಲ್ಕು ಹುಡುಗರ ತಂದೆತಾಯಿಗಳಲ್ಲಿ ಮೂವರು ಕಿಟಕಿಯಲ್ಲಿ ಮುಖ ಇಟ್ಟಿದ್ದರು. ಸಾಹೇಬರು ಬಸಲಿಂಗಯ್ಯನ ಕಡೆ ತಿರುಗಿ, "ಹೌದೇನ್ರಿ ಮಾಸ್ತರ?" ಎಂದರು. ಇಲ್ಲ ಎನ್ನಲಿಕ್ಕೆ ಅವನಿಗೆ ಒಂದು ಕ್ಷಣ ಸಿಕ್ಕಿತ್ತು. ಆಮೇಲೆ ಬಹಳ ದಿನ ಆ ಕ್ಷಣವನ್ನು ತಿರುಗಿಸಿ ತಿರುಗಿಸಿ ನೋಡಿದಾಗೆಲ್ಲ ಅದು ಸಾಕಷ್ಟು ಉದ್ದವಾಗಿಯೇ ಇತ್ತು. ಇಲ್ಲ ಎಂದರೆ ಮುಂದಿನ ಪ್ರಶ್ನೆ ಒಂದೇ, ಮತ್ಯಾಕ ಉಣ್ಣಲಿಲ್ಲ? ಅದರ ಉತ್ತರವನ್ನು ಅವಳೆದುರಿಗೆ, ಅವಳ ಮುಖ ನೋಡಿ ಹೇಳಬೇಕು.

"ಹೌದ್ರಿ" ಎಂದ.

ಸಾಹೇಬರ ಮುಖ ಅರಳಿದ್ದನ್ನು ನೋಡಬೇಕಿತ್ತು. "ಅಯ್ಯ, ಮೊದಲ ಹೇಳಬಾರದೇನ್ರಿ? ನನಗೂ ಐತಿ! ಎಂಟ ವರ್ಷಾತು. ಅದರ ತ್ರಾಸು ಇದ್ದಾವಂಗ ಗೊತ್ತು. ಖಾಲಿ ಹೊಟ್ಟೀಲೆ ಇರಬ್ಯಾಡ್ರಿ. ಗುಳಿಗಿ ಊಟಕ್ಕಿಂತ ಮೊದಲ ತಗೋರಿ. ಉರಿ ಬರತೈತಿಲ್ಲ, ಇಲ್ಲಿ?" ಎಂದು ಎದ್ದುಬಂದು ಅವನ ಎದೆಗುಂಡಿಗೆಯ ಕೆಳಗೆ ಬೆರಳಿಟ್ಟರು. "ಬರತೈತ್ರಿ" ಎಂದ ಬಸಲಿಂಗಯ್ಯ. ನಿಜವಾಗಿಯೂ ಅಲ್ಲಿ ಉರಿಯುತ್ತಿತ್ತು. ಅಷ್ಟಾದ ಮೇಲೆ ಎಲ್ಲವೂ ಬೇಗ ಮುಗಿಯಿತು. ಹದಿನಾಲ್ಕೂ ಹುಡುಗರು ಆವತ್ತು ಶಾಲೆಯ ಬೇಲಿ ದಾಟಿ ಪಕ್ಕದ ತೋಟದ ದ್ರಾಕ್ಷಿ ಕಿತ್ತು ತಿಂದಿದ್ದರು, ಅದಕ್ಕೆ ಹಿಂದಿನ ದಿನವಷ್ಟೇ ಔಷಧಿ ಹೊಡೆದಿತ್ತು, ಅದರಿಂದಲೂ ಆಗಿರಬಹುದು ಎಂದು ಡಾಕ್ಟರರು ಚೀಟಿ ಬರೆದಿದ್ದರು. ತೋಟ ಅಮೋಘಸಿದ್ದನ ಷಡ್ಡಕನದು. ಅವನು ತೊಡೆ ಕೂಡಿಸಿಕೊಂಡು ಕುಳಿತ. "ದ್ರಾಕ್ಷೀನ ಇದ್ದೀತು ಬಿಡ್ರಿ" ಎಂದರು ಸಾಹೇಬರು. ಹಲ್ಲಿ ಹೋಗಿ ದ್ರಾಕ್ಷಿ ಬಂತು. ಅದನ್ನೂ ಯಾರೂ ಸಾಧಿಸಿ ತೋರಿಸಲಿಲ್ಲ, ಎಲ್ಲರಿಗೂ ಸಾಕಾಗಿತ್ತು. ಆಶಾಬಿ ಮುಂದುವರಿಯತಕ್ಕದ್ದು ಎಂದು ವರದಿಯಾಯಿತು. ಅದರ ಕೆಳಗೆ, 'ಸದರಿ ಶಿಕ್ಷಕರು ಜಠರದ ಹುಣ್ಣಿನಿಂದ ಬಳಲುತ್ತಿರುವುದು ಖಚಿತವಾಗಿ ತಿಳಿದುಬಂದಿರುತ್ತದೆ. ಆದಕಾರಣ ಇವರಿಗೆ ಖಾರವಿಲ್ಲದ ಪ್ರತ್ಯೇಕ ಅಡಿಗೆ ಮಾಡತಕ್ಕದ್ದು, ಇವರು ಇನ್ನು ಮುಂದೆ ತಪ್ಪದೆ ಸ್ವತಃ ರುಚಿ ನೋಡತಕ್ಕದ್ದು.' ಬಸಲಿಂಗಯ್ಯ ಅದಕ್ಕೂ ದುಂಡಗೆ ಸಹಿ ಮಾಡಿದ. ಊಟಕ್ಕೆ ಏಳಿ ಎಂದು ವಿಜಯಲಕ್ಷ್ಮೀ ಟೀಚರ್ ಒತ್ತಾಯಿಸಿದರೂ ಸಾಹೇಬರು ಏಳಲಿಲ್ಲ. "ಬ್ಯಾಡ್ರಿ, ಹೊಟ್ಟಿ ಬರೋಬ್ಬರಿ ಇಲ್ಲ. ಹೊರಗ ಎಲ್ಲೂ ಉಣ್ಣೂದಿಲ್ರಿ ನಾ" ಎಂದು ಹಾಲಿನ ಲೋಟ ಬರಿದು ಮಾಡಿ ಜೀಪು ಹತ್ತಿದರು. ಅವರ ಅಲ್ಸರ್ ಯಾವ ಜಾತಿಯದೋ ಎಂದುಕೊಂಡು ಬಸಲಿಂಗಯ್ಯ ಭೂಗೋಲವನ್ನು ಸ್ಟೂಲಿನ ಮೇಲಿಟ್ಟ.

ಹನ್ನೆರಡೂವರೆಗೆ ಕಾಲುಗಳು ತಾವಾಗಿ ಕಿಟಕಿಯತ್ತ ಹೋದವು. ಬಟ್ಟಲು ಕಿಟಕಿಯಲ್ಲಿರಲಿಲ್ಲ. ಆಶಾಬಿ ಒಳಗೆ ಮಣೆ ಹಾಕಿ, ನೀರಿಟ್ಟು ಕಾಯುತ್ತಿದ್ದಳು. ಅವನು ಚಪ್ಪಲಿ ಬಿಟ್ಟು ಒಳಗೆ ಹೋದ. ಹನ್ನೊಂದು ವರ್ಷದಲ್ಲಿ ಆ ಹೊಸ್ತಿಲು ದಾಟಿರಲಿಲ್ಲ. ಮೆತ್ತಗೆ ಬೇಯಿಸಿದ ಅನ್ನ, ಹೆಸರುಬೇಳೆಯ ತಿಳಿಸಾರು, ಮೇಲೆ ಒಂದು ಚಮಚ ತುಪ್ಪ. ತುಪ್ಪ ಶಾಲೆಯದಲ್ಲ, ಮನೆಯಿಂದ ತಂದದ್ದು. ಪಕ್ಕದ ದೊಡ್ಡ ಪಾತೇಲಿಯಲ್ಲಿ ಹುಡುಗರ ಸಾಂಬಾರು ಕೆಂಪಗೆ ಕುದಿಯುತ್ತಿತ್ತು, ಒಗ್ಗರಣೆಯ ಬಳ್ಳೊಳ್ಳಿಯ ವಾಸನೆ. ಬಸಲಿಂಗಯ್ಯ ಬಟ್ಟಲು ಕೈಗೆ ತೆಗೆದುಕೊಂಡ, ಅನ್ನ ಮುಟ್ಟದೆ ಕೇಳಿದ, "ಆಶಾಬಿ, ನನಗ ಅಲ್ಸರ್ ಐತಂತ ನಿನಗ ಯಾರು ಹೇಳಿದ್ರು?"

ಅವಳು ಒಲೆಯ ಉರಿ ಸಣ್ಣ ಮಾಡಿದಳು. "ಯಾರೂ ಹೇಳಿಲ್ರಿ. ನಾನ ತಿಳಕೊಂಡೇನಿ."

"ಹ್ಯಾಂಗ ತಿಳಕೊಂಡಿ?"

"ಗುರುಬಸವ್ವಕ್ಕನ ಕಾಲಕ್ಕ ನೀವು ತಾಟ ತುಂಬ ಉಣ್ತಿದ್ರಿ. ನಾನ ಮೆಣಸಿನಕಾಯಿ ತೊಳದ ಕೊಡತಿದ್ದೆ, ನೆನಪೈತಿ. ನಾ ಸೌಟ ಹಿಡದ ದಿನಾನ ಬಿಟ್ರಿ." ಅವಳ ದನಿಯಲ್ಲಿ ದೂರು ಇರಲಿಲ್ಲ, ಅದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. "ಆ ದಿನಾನ ನಿಮಗ ಅಲ್ಸರ್ ಸುರು ಆಗಿರಬೇಕು ಅಂತ ತಿಳಕೊಂಡೆ. ಏನರ ಒಂದು ತಿಳಕೋಬೇಕಲ್ರೀ ಯಪ್ಪಾ. ಇಲ್ಲಂದ್ರ ದಿನಾ ಎದ್ದು ನಿಮ್ಮ ಬಟ್ಟಲಾ ತುಂಬಿ ಇಡಾಕ ನನಗ ಮನಸರ ಹ್ಯಾಂಗ ಬರತಿತ್ತು?"

ಹೊನವಾಡದ ಹಿತ್ತಲಿನಲ್ಲಿ ಬಸಲಿಂಗಯ್ಯನ ಅವ್ವ ತಂಬಿಗೆ ಬಗ್ಗಿಸಿ ನಿಂತೇ ಇದ್ದಳು. ಅವನು ಬಟ್ಟಲನ್ನು ಪಾತೇಲಿಯತ್ತ ಚಾಚಿದ. "ಇದು ಬ್ಯಾಡ. ಹುಡುಗರ ಸಾಂಬಾರ ಒಂದ ಸೌಟು ಹಾಕು."

"ಅಯ್ಯ, ಬ್ಯಾಡ್ರಿ!" ಆಶಾಬಿ ಪಾತೇಲಿಗೆ ಅಡ್ಡ ನಿಂತಳು. "ಅಲ್ಸರ್ ಐತಂತ ಸಾಹೇಬ್ರು ಕಾಗದದ ಮ್ಯಾಲೆ ಬರದ ಹೋಗ್ಯಾರ. ಖಾರ ಉಂಡು ನಿಮಗ ಏನರ ಆದ್ರ ಮತ್ತ ನನ್ನ ಹೆಸರ ಬರತೈತಿ. ನನ್ನ ಮ್ಯಾಲೆ ಕರುಣಾ ಇದ್ರ ಇದನ್ನ ಉಣ್ರಿ."

ಉಂಡ. ಮೊದಲ ತುತ್ತಿಗೇ ಗೊತ್ತಾಯಿತು, ಮೂರು ದಿನದ ಗಾಬರಿಯಲ್ಲಿ ಅವಳು ಉಪ್ಪು ಹಾಕುವುದನ್ನೇ ಮರೆತಿದ್ದಳು. ನಿವೃತ್ತಿಗೆ ಇನ್ನೂ ಆರು ವರ್ಷ. ಲೆಕ್ಕ ತಾನಾಗಿ ಬಂತು, ಸಾವಿರದ ಮುನ್ನೂರಿಪ್ಪತ್ತು ಬಟ್ಟಲು. ಅವಳು ನೋಡುತ್ತ ನಿಂತಿದ್ದಳು, ಕೊನೆಯ ಅಗುಳಿನವರೆಗೂ. ಬಟ್ಟಲನ್ನು ತಾನೇ ತೊಳೆಯಲಿಕ್ಕೆ ಎದ್ದರೆ ಕಸಿದುಕೊಂಡಳು. ಅವನು ಪುಸ್ತಕ ತೆರೆದು 'ರುಚಿ ನೋಡಲಾಗಿದೆ. ಉತ್ತಮವಾಗಿದೆ' ಎಂದು ಬರೆದ. ಹನ್ನೊಂದು ವರ್ಷ ನೋಡದೆ ಬರೆದಾಗ ಅಡಿಗೆ ಉತ್ತಮವಾಗಿಯೇ ಇತ್ತು, ಹುಡುಗರು ಪಾತೇಲಿ ಕೆರೆದು ಉಣ್ಣುತ್ತಿದ್ದರು. ಇವತ್ತು ನೋಡಿ ಬರೆದ. ಆದರೆ ಅವನು ನೋಡಿದ್ದು ಹುಡುಗರು ಉಣ್ಣುವ ಅಡಿಗೆಯಲ್ಲ, ನೋಡಿದ್ದು ಉತ್ತಮವೂ ಆಗಿರಲಿಲ್ಲ. ಹೊರಗೆ ಗಂಟೆ ಹೊಡೆಯಿತು, ಹುಡುಗರು ತಾಟು ಬಡಿಯುತ್ತ ಸಾಲು ಹಿಡಿದರು.

"ಉಪ್ಪು ಬರೋಬ್ಬರಿ ಇತ್ತೇನ್ರಿ ಸರ್?" ಆಶಾಬಿ ಕೇಳಿದಳು. ಅವಳ ಮುಖದಲ್ಲಿ ಹನ್ನೊಂದು ವರ್ಷ ಕೇಳಬೇಕೆಂದು ಇಟ್ಟುಕೊಂಡಿದ್ದ ಪ್ರಶ್ನೆಯಿತ್ತು.

"ಬರೋಬ್ಬರಿ ಇತ್ತವಾ" ಎಂದ ಬಸಲಿಂಗಯ್ಯ. "ಭಾಳ ಛಲೋ ಆಗಿತ್ತು."

ಅಡಿಗೆ ಕೋಣೆಯ ತಗಡಿನ ಕೆಳಗಿನ ಸಂದಿಯಿಂದ ಹಲ್ಲಿ ಲೊಚಲೊಚ ಎಂದಿತು. ಇಬ್ಬರೂ ತಲೆ ಎತ್ತಿದರು. ಬಾಗಿಲಲ್ಲಿ ಹುಡುಗರು ನಿಂತಿದ್ದರು. ಆಶಾಬಿ ಮಾಸ್ತರನ ಮುಖ ನೋಡಿದಳು, ಮಾಸ್ತರ ಪುಸ್ತಕ ಮುಚ್ಚಿದ, ಅವಳು ತಾಟು ತೆಗೆದುಕೊಂಡು ಸಾಂಬಾರಿನ ಪಾತೇಲಿಯ ಬಾಯಿ ಸರಿಯಾಗಿ ಮುಚ್ಚಿದಳು.